ಹಸಿದವರು ತುಳಿದ ಮಣ್ಣು

ಕಲ್ಲಹಾಳದ ಕೆರೆಯ ತೂಬು ಕೆಟ್ಟು ಎಷ್ಟೋ ವರ್ಷವಾಗಿತ್ತು. ಗುಡೂರಿನ ಆಚೆಗಿರುವ ಆ ಸಣ್ಣ ಹಳ್ಳಿಗೆ ಕೊನೆಗೂ ದುರಸ್ತಿ ಮಂಜೂರಾದಾಗ ಅದರ ಹೊಣೆ ಅಲ್ಮಾಸಳ ಮೇಲೆ ಬಿತ್ತು. ಇಳಕಲ್ಲಿನ ನೇಕಾರ ಗೌಸಸಾಬರ ಮಗಳು ಆಕೆ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ಸೇರಿದ ಮೇಲೆ ಒಬ್ಬಳೇ ನಿಂತು ಮಾಡಿಸುತ್ತಿದ್ದ ಮೊದಲ ಕೆಲಸ ಇದು.

ಬೇಸಿಗೆಯಲ್ಲಿ ಹೂಳು ತೆಗೆಸಿ, ಏಣಿ ಹಾಕಿಸಿ ತೂಬಿನೊಳಗೆ ಇಳಿದವಳು ಅಲ್ಲೇ ನಿಂತುಬಿಟ್ಟಳು. ಬ್ರಿಟಿಷರ ಕಾಲದ ಗೋಡೆ ಅದು. ಗಾರೆ ಹಾಕಿ ಕೂಡಿಸಿದ ಕಲ್ಲುಗಳ ಸಂದಿಯಲ್ಲಿ ಅವಳ ಕೈಯಲ್ಲಿದ್ದ ಸ್ಕೇಲಿನ ಅಂಚೂ ಹೋಗಲಿಲ್ಲ. ನೀರು ಹಾಯುವ ಕಮಾನು ಎಲ್ಲಿಯೂ ಕುಸಿದಿರಲಿಲ್ಲ. ತುಕ್ಕು ಹಿಡಿದಿದ್ದು ಇತ್ತೀಚೆಗೆ ಯಾರೋ ಕೂಡಿಸಿದ್ದ ಕಬ್ಬಿಣದ ಬಾಗಿಲು ಮಾತ್ರ. ಅದನ್ನು ಬದಲಿಸಿದರೆ ತೂಬು ಮತ್ತೆ ಹೊಸದರಂತೆಯೇ.

ಸಂಜೆ ಮನೆಗೆ ಬಂದು ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಅಪ್ಪನ ಮುಂದೆ ಹಿಡಿದಳು. ಗೌಸಸಾಬರಿಗೆ ಮಂಡಿನೋವು, ಮಗ್ಗದ ಕುಣಿಗೆ ಇಳಿಯುವುದನ್ನು ಬಿಟ್ಟಿದ್ದರು. ಆದರೆ ಕುಶಲ ಕೆಲಸ ಯಾವುದೇ ಇರಲಿ, ಕಂಡರೆ ಕಣ್ಣರಳಿಸಿ ನೋಡುತ್ತಿದ್ದರು.

"ಯಾರು ಕಟ್ಟಿದ್ದು ಬೇಟಿ ಇದು?"

"ಬ್ರಿಟಿಷರು, ಅಬ್ಬಾ. ದೊಡ್ಡ ಬರ ಬಿದ್ದಾಗ ಕಟ್ಟಿಸ್ಯಾರಂತ."

"ಕೆಲಸ ಖರೇನ ಛಲೋ ಐತಿ," ಎಂದರು ಗೌಸಸಾಬ. ಫೋಟೋದಿಂದ ಕಣ್ಣು ತೆಗೆದು, "ನಮ್ಮಜ್ಜನ ಅಜ್ಜ ಮಗ್ಗ ಬಿಚ್ಚಿ ಅಟ್ಟಕ್ಕ ಹಾಕಿದ್ದೂ ಅವರ ಕಾಲದಾಗ. ಗಿರಣಿ ಅರಿವಿ ಹಡಗಿನ್ಯಾಗ ಬಂತು. ನಮ್ಮ ಸೀರಿ ಕೇಳವರ ಇಲ್ಲದಂಗಾತು. ಸೊಲ್ಲಾಪುರಕ್ಕ ಹೋಗಿ ಕೂಲಿ ಮಾಡಿದ, ಪಾಪ," ಎಂದರು.

"ಮತ್ತ ನಾ ಓದಿದ ಇಂಜಿನಿಯರಿಂಗ್? ಅದೂ ಅವರಿಂದಲೇ ಬಂದದ್ದಲ್ಲೇನ್ರಿ?"

"ಅಲ್ಲ ಅಂತ ಯಾರು ಅಂದ್ರು? ನೀ ಓದಿದಿ ಅಂತ ನನಗ ಹೆಮ್ಮಿ ಐತಿ. ನಾ ಹೇಳಿದ್ದು ಮನ್ಯಾಗಿನ ಮಾತು, ಅಷ್ಟ."

ಅಲ್ಮಾಸ ನಕ್ಕಳು. ಅವಳ ತಲೆಯ ತುಂಬ ಆ ಕಮಾನೇ ಇತ್ತು.

ದುರಸ್ತಿ ಮುಗಿಯುತ್ತ ಬಂದಾಗ ಊರಿನ ಕೆರೆ ಸಂಘದವರು ಶಾಲೆಯ ಪಡಸಾಲೆಯಲ್ಲಿ ಸೇರಿದರು. ಸಂಘದ ಅಧ್ಯಕ್ಷರು ನಿವೃತ್ತ ಶಿಕ್ಷಕ ವಿಜಯಮಹಾಂತೇಶ ಮಾಸ್ತರರು. ಅದೇ ಊರಿನ ಮುನಾಫ ಇಳಕಲ್ಲಿನಲ್ಲಿ ಗ್ರಾನೈಟಿನ ವ್ಯಾಪಾರ ಮಾಡುತ್ತಿದ್ದ. ಏರಿಯ ಮೇಲೆ ನಿಲ್ಲಿಸಲು ಒಂದು ಕೆಂಪು ಕಲ್ಲು ಕೊಡುವುದಾಗಿ ಹೇಳಿದ್ದ. ಅದರ ಮೇಲೆ ಏನು ಕೆತ್ತಿಸಬೇಕು ಎನ್ನುವುದೇ ಸಭೆಯ ವಿಷಯ.

"ಈ ಕೆರಿ ಕಟ್ಟಿಸಿದ ಬ್ರಿಟಿಷ್ ಸಾಹೇಬರನ್ನ ನೆನಸೋಣು," ಎಂದರು ಮಾಸ್ತರರು. "ಅವರ ಹೆಸರು ನಮಗ ಗೊತ್ತಿಲ್ಲ. ಆದ್ರ ಅವರು ಕಟ್ಟಿಸಿದ ಕೆರಿ ನೀರು ಕುಡದು ದೊಡ್ಡವರಾಗೇವಿ. ಉಪಕಾರ ಉಪಕಾರನ."

ಟ್ರ್ಯಾಕ್ಟರ್ ಇಟ್ಟುಕೊಂಡು ಒಕ್ಕಲುತನ ಮಾಡುತ್ತಿದ್ದ ಮುದಕಪ್ಪ ಕೂತಲ್ಲಿಂದಲೇ ಸಿಡಿದ. "ಎಂಥಾ ಮಾತ್ರಿ ಮಾಸ್ತರ? ಕೈಯಾಗಿನ ಆಯುಧ ಕೊಡೂದಿಲ್ಲ ಅಂದದ್ದಕ್ಕ ಹಲಗಲಿ ಬ್ಯಾಡರನ್ನ ಗಲ್ಲಿಗೆ ಹಾಕಿದವರು ಅವರು. ಅಂಥವರಿಗೆ ನಾವು ಕಲ್ಲು ನಿಲ್ಲಿಸಬೇಕಾ?"

"ಅದು ಬ್ಯಾರೆ, ಇದು ಬ್ಯಾರೆ."

"ಎಲ್ಲಾ ಒಂದ ಕೈ ಮಾಡಿದ್ದರಿ. ಬ್ಯಾರೆ ಹ್ಯಾಂಗಾಗತೈತಿ?"

ಮಾತು ಬೆಳೆಯಿತು. ಕೊನೆಗೆ ಎಲ್ಲರೂ ಅಲ್ಮಾಸಳ ಕಡೆ ತಿರುಗಿದರು. ಅವಳು ಹೆಚ್ಚು ಯೋಚಿಸಲಿಲ್ಲ. "ನಾ ತೂಬಿನ್ಯಾಗ ಇಳಿದು ನೋಡೇನ್ರಿ. ಅಂಥಾ ಕೆಲಸ ಇವತ್ತು ನಾವೂ ಮಾಡಂಗಿಲ್ಲ. ಯಾರ ಕೆಲಸ ಇನ್ನೂ ಗಟ್ಟಿ ನಿಂತದೋ ಅವರಿಗೆ ಶರಣು ಅನ್ನಾಕ ಏನಡ್ಡಿ?"

ಮುದಕಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಅವನ ಹಿಂದೆ ಇನ್ನೂ ಕೆಲವರು ಹೋದರು.

ಮರುದಿನ ಅಲ್ಮಾಸ ಏರಿಯ ಮೇಲೆ ನಿಂತಿದ್ದಾಗ ಮುದಕಪ್ಪನ ತಾಯಿ ಹನಮವ್ವ ರೊಟ್ಟಿಗಂಟು ಹಿಡಿದು ಬಂದಳು. ಮಗ ಒರಟಾಗಿ ನಡೆದುಕೊಂಡಿದ್ದಕ್ಕೆ ಸಮಾಧಾನ ಹೇಳಲು ಬಂದಿರಬೇಕೆಂದು ಅಲ್ಮಾಸ ಅಂದುಕೊಂಡಳು. ಮುದುಕಿ ಆ ಮಾತೇ ಎತ್ತಲಿಲ್ಲ. ಬೇವಿನ ನೆರಳಿಗೆ ಕೂತು, ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿ ಕೊಟ್ಟಳು.

"ಯವ್ವಾ, ನಮ್ಮತ್ತಿ ನನಗ ಹೇಳಿದ್ದು ನಿನಗೊಂದೀಟು ಹೇಳತೇನಿ. ನಮ್ಮ ಮನ್ಯಾಗ ಹಿಂದ ದುರಗವ್ವ ಅಂತಿದ್ದಳಂತ. ಬರಗಾಲದಾಗ ಎರಡು ಕೂಸು ಕಟಗೊಂಡು ಇಲ್ಲಿ ಮಣ್ಣು ಹೊರಾಕ ಬಂದಳು. ಸರಕಾರದವರು ಕೂಲಿ ಕೊಡತಿದ್ರು. ಆದ್ರ ಹೊಟ್ಟಿ ತುಂಬೂವಷ್ಟು ಅಲ್ಲ. ಬುಟ್ಟಿ ಹೊರಾಕ ತ್ರಾಣ ಇಲ್ಲದವರಿಗೆ ಇನ್ನೂ ಕಡಿಮಿ. ಅದ ಹೊತ್ತಿನ್ಯಾಗ ಇದ ದಾರಿ ಹಿಡದು ಜ್ವಾಳದ ಚಕ್ಕಡಿ ಬಾಗಲಕೋಟಿ ಪ್ಯಾಟಿಗೆ ಹೋಗತಿದ್ವಂತ, ಪೊಲೀಸರ ಕಾವಲಿನ್ಯಾಗ."

"ಕೂಸುಗಳು?"

"ಸಣ್ಣದು ಇಲ್ಲೇ ಹೋತು. ಆ ಮೂಲ್ಯಾಗ ಮಣ್ಣು ಮಾಡಿದರು." ಹನಮವ್ವ ಏರಿಯ ತುದಿಯತ್ತ ಕೈ ತೋರಿಸಿದಳು. "ದೊಡ್ಡದು ಉಳೀತು. ಈ ಕೆಲಸ ಇರದಿದ್ರ ಅದೂ ಉಳೀತಿರಲಿಲ್ಲ ಅಂತಿದ್ದಳು ನಮ್ಮತ್ತಿ. ಆ ಉಳಿದ ಕೂಸಿನ ವಂಶನ ನಮ್ಮದು. ಈಗ ನಾ ಅವರಿಗೆ ಬೈಲ್ಯೋ, ಕೈ ಮುಗೀಲ್ಯೋ? ನನಗಂತೂ ತಿಳಿಯಂಗಿಲ್ಲ ತಾಯಿ. ನೀ ಉಣ್ಣು."

ಅಲ್ಮಾಸಳಿಗೆ ಸಭೆಯಲ್ಲಿ ತಾನು ಆಡಿದ ಮಾತು ಸುಳ್ಳೇನೂ ಅಲ್ಲ, ಆದರೆ ಅರ್ಧ ಎನ್ನಿಸಿತು.

ಭಾದ್ರಪದದಲ್ಲಿ ಮಳೆ ಜೋರಾಗಿ ಹಿಡಿಯಿತು. ಎಷ್ಟೋ ವರ್ಷದ ಮೇಲೆ ಕೆರೆ ತುಂಬಿತೆಂದು ಊರಿಗೆ ಊರೇ ನೋಡಲು ಬಂತು. ಒಂದು ಮಧ್ಯಾಹ್ನ ಅಲ್ಮಾಸ ಏರಿಯ ಹಿಂಬದಿಗೆ ಇಳಿದು ಬುಡ ಪರೀಕ್ಷಿಸುತ್ತ ಹೋಗುವಾಗ ಒಂದು ಕಡೆ ನೆಲದಿಂದ ನೀರು ಬುಗುಬುಗು ಏಳುತ್ತಿತ್ತು. ಕೈಯಲ್ಲಿ ಹಿಡಿದು ನೋಡಿದಳು. ಕೆಂಪು ನೀರು. ತಿಳಿನೀರು ಜಿನುಗಿದರೆ ಹೆದರಿಕೆಯಿಲ್ಲ. ಕೆಸರು ಬಂದರೆ ಏರಿಯ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದೇ ಅರ್ಥ. ಏರಿಯ ಕೆಳಗೇ ಊರು.

ಮಾಸ್ತರರಿಗೆ ಫೋನ್ ಮಾಡಿದಳು. ಗುಡಿಯ ಮೈಕಿನಲ್ಲಿ ಅವರು ಕೂಗಿ ಹೇಳಿದ ಕೆಲವೇ ಹೊತ್ತಿನಲ್ಲಿ ಜನ ಓಡಿ ಬಂದರು. ಎಲ್ಲರಿಗಿಂತ ಮೊದಲು ಬಂದದ್ದು ಮುದಕಪ್ಪನ ಟ್ರ್ಯಾಕ್ಟರ್.

"ಏನ್ ಬೇಕ್ರಿ ಮೇಡಂ? ಲಗೂನ ಹೇಳ್ರಿ."

"ಉಸುಕು, ಕಡಿ, ಖಾಲಿ ಚೀಲ. ಎಷ್ಟು ಸಿಗತಾವೋ ಅಷ್ಟು."

ಅಷ್ಟು ಹೇಳಿ ಅವಳು ತೂಬಿನ ಕಡೆ ಓಡಿದಳು. ಕೆರೆಯ ನೀರು ಇಳಿಸದೆ ಬೇರೆ ದಾರಿಯಿರಲಿಲ್ಲ. ಇಬ್ಬರು ಚಕ್ರ ತಿರುಗಿಸಿದರು, ಬಾಗಿಲು ಎದ್ದಿತು, ಕಮಾನಿನೊಳಗಿಂದ ನೀರು ಭೋರೆಂದು ಹಳ್ಳಕ್ಕೆ ನುಗ್ಗಿತು. ಅಷ್ಟು ರಭಸಕ್ಕೂ ಹಳೆಯ ಗೋಡೆ ಅಲುಗಲಿಲ್ಲ. ಇತ್ತ ಬುಗ್ಗೆಯ ಸುತ್ತ ಜನ ಉಸುಕಿನ ಚೀಲ ಒಟ್ಟಿ, ನೀರು ಸೋಸಿ ಬಂದು ಮಣ್ಣು ಒಳಗೇ ನಿಲ್ಲಲೆಂದು ನಡುವೆ ಉಸುಕು, ಅದರ ಮೇಲೆ ಜಲ್ಲಿಕಲ್ಲಿನ ಕಡಿ ಸುರಿದರು. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸಿದರು. ಹನಮವ್ವನನ್ನು ಮನೆಗೆ ಕಳಿಸಲು ನೋಡಿದವರಿಗೆ ಬೈಗುಳ ಸಿಕ್ಕಿತು.

ಹೊತ್ತು ಮುಳುಗುವಾಗ ಅಲ್ಮಾಸ ಮತ್ತೆ ಬಗ್ಗಿ ಬೊಗಸೆಗೆ ನೀರು ತೆಗೆದುಕೊಂಡಳು. ಅಂಗೈಯ ಗೆರೆ ಕಾಣುವಷ್ಟು ತಿಳಿಯಾಗಿತ್ತು. "ಉಳೀತ್ರಿ," ಎಂದಳು. ಮುದಕಪ್ಪ ಕೆಸರಿನಲ್ಲೇ ಕುಕ್ಕರಿಸಿ ಕೂತು ಮುಖ ಒರೆಸಿಕೊಂಡ.

ನೀರು ಇಳಿದ ಮೇಲೆ ಆ ಜಾಗವನ್ನು ಅಗೆಸಿದಳು. ಏರಿಯ ಮೇಲೆ ಬೆಳೆದಿದ್ದ ಜಾಲಿಗಿಡದ ಬೇರು ಕೊಳೆತು, ಆ ಪೊಳ್ಳಿನಲ್ಲಿ ನೀರು ನುಗ್ಗಿತ್ತು. ಆದರೆ ಏರಿಯ ನಡುವಿನ ಎರೆಮಣ್ಣಿನ ಗೋಡೆಗೆ ಬಂದು ಪೊಳ್ಳು ಕಿರಿದಾಗಿತ್ತು. ಅಲ್ಲಿ ಹೆಚ್ಚು ಕೊರೆಯಲು ನೀರಿಗೆ ಆಗಿರಲಿಲ್ಲ. ಗುಂಡಿಗೆ ಇಳಿದು ನೋಡಿದಳು. ಗೇಣಿಗೂ ಕಡಿಮೆ ದಪ್ಪದ ಪದರು, ಅದರ ಮೇಲೆ ಇನ್ನೊಂದು, ಮತ್ತೊಂದು. ಗುದ್ದಲಿ ತಾಗಿದರೆ ಕಲ್ಲಿನ ಸಪ್ಪಳ. ಆಗ ಯಂತ್ರಗಳಿರಲಿಲ್ಲ. ಮಣ್ಣು ಹಾಸಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದ್ದು ಅದು. ಅರೆಹೊಟ್ಟೆಯ ಕೂಲಿಗೆ ಅರೆಬರೆ ತುಳಿದಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಗುಂಡಿಯ ಅಂಚಿನಲ್ಲಿ ನಿಂತಿದ್ದ ಮುದಕಪ್ಪನನ್ನು ಕರೆದಳು. "ಅಣ್ಣಾರ, ಇಲ್ಲಿ ಬರ್ರಿ. ನಿಮ್ಮ ಹಿರ್ಯಾರ ಕೆಲಸ ನೋಡ್ರಿ. ಅವತ್ತು ಊರು ಉಳಿಸಿದ್ದು ಇದು."

ಅವನು ಇಳಿದು ಪದರುಗಳ ಮೇಲೆ ಅಂಗೈ ಆಡಿಸಿದ. ಕಣ್ಣು ತುಂಬಿತ್ತು. "ತೂಬೂ ಉಳಿಸೈತಿ ಬಿಡ್ರಿ," ಎಂದ ಮೆಲ್ಲಗೆ. "ಅದು ತೆರೀದಿದ್ರ ನಮ್ಮ ಚೀಲ ಎಷ್ಟೊತ್ತು ನಿಂತಿರ್ತಿದ್ದವು?"

ಮುಂದಿನ ಸಭೆಯಲ್ಲಿ ಜಗಳವಾಗಲಿಲ್ಲ. "ಕಟ್ಟಿಸಿದ್ದನ್ನ ಬರೀರಿ, ಉಪವಾಸ ಕೆಡವಿದ್ದನ್ನೂ ಬರೀರಿ," ಎಂದ ಮುದಕಪ್ಪ. ಮಾಸ್ತರರು ಒಪ್ಪಿಕೊಂಡು, ಎಲ್ಲರನ್ನೂ ಕೇಳಿ ಕೇಳಿ ಹೀಗೆ ಬರೆದರು: "ಬರಗಾಲದಲ್ಲಿ ಈ ಏರಿಗೆ ಮಣ್ಣು ಹೊತ್ತವರನ್ನು, ಇಲ್ಲಿ ಜೀವ ಬಿಟ್ಟವರನ್ನು ನೆನೆಯುತ್ತೇವೆ. ಕೆರೆ ಕಟ್ಟಿಸಿ ತೂಬು ಕೂಡಿಸಿದ್ದು ಅಂದಿನ ಬ್ರಿಟಿಷ್ ಸರಕಾರ. ಮಣ್ಣು ಹೊತ್ತವರಿಗೆ ಹೊಟ್ಟೆ ತುಂಬ ಕೂಲಿ ಕೊಡದಿದ್ದದ್ದೂ ಅದೇ ಸರಕಾರ. ಈ ನೀರುಣ್ಣುವ ನಾವು, ಇದನ್ನು ಕಟ್ಟಿದ ಎಲ್ಲ ಕೈಗಳಿಗೆ ಋಣಿ."

"ನಾ ತಂದ ಕಲ್ಲಿನ್ಯಾಗ ಇಷ್ಟೆಲ್ಲಾ ಹಿಡ್ಯಂಗಿಲ್ರಿ," ಎಂದು ಮುನಾಫ ತಲೆ ಕೆರೆದುಕೊಂಡ. ಆಮೇಲೆ ದೊಡ್ಡದೊಂದನ್ನು ತಂದ.

ಅಗೆದ ಜಾಗ ಗಟ್ಟಿ ಮಾಡಿಸಿ, ಕೆರೆ ಮತ್ತೆ ತುಂಬಿದ ಮೇಲೆ ಬಾಗಿನ ಕೊಡುವ ದಿನ ಅಲ್ಮಾಸ ಅಪ್ಪನನ್ನೂ ಕರೆತಂದಳು. ಗೌಸಸಾಬ ಮಗಳ ಹೆಗಲು ಹಿಡಿದು ಏರಿ ಹತ್ತಿದರು. ಹೆಂಗಸರು ಮೊರದ ಬಾಗಿನವನ್ನು ನೀರಿಗೆ ಬಿಡುವಾಗ ಅವರು ಒಂದು ಬದಿಗೆ ನಿಂತು ಎರಡೂ ಕೈ ಎತ್ತಿ ತುಟಿ ಅಲುಗಿಸಿದರು. ಹನಮವ್ವ ಅದನ್ನು ನೋಡುತ್ತಿದ್ದಳು.

"ಏನ್ ಬೇಡಿಕೊಂಡ್ರಿ ಅಣ್ಣಾ?"

"ಬೇಡಲಿಲ್ಲವ್ವ. ನಿಮ್ಮ ದುರಗವ್ವನ ಹೆಸರು ಹೇಳಿ ಶುಕ್ರಿಯಾ ಅಂದೆ. ಮಗಳು ಹೇಳಿದ್ದಳು."

ಹನಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಸಿಲೇರುವ ಮೊದಲು ಊಟಕ್ಕೆ ಬರಬೇಕೆಂದು ಇಬ್ಬರನ್ನೂ ಮುಂದೆ ಮಾಡಿಕೊಂಡು ಮನೆಯ ಕಡೆ ನಡೆದಳು.