ಕಾಫಿಗೆ ಮುಂಚಿನ ಒಂದು ಗಂಟೆ

ಥೈರಾಯ್ಡ್ ರಿಪೋರ್ಟಿನಲ್ಲಿ ಒಂಬತ್ತು ಪಾಯಿಂಟ್ ನಾಲ್ಕು ಎಂದಿತ್ತು. ಬಸುರಿಗೆ ಎರಡೂವರೆಯೊಳಗೆ ಇರಬೇಕು.

"ಮಾತ್ರೆ ಬಿಟ್ರಾ?" ಡಾಕ್ಟರ್ ಸುಮಿತಾ ಕೇಳಿದರು.

"ಇಲ್ಲ ಮೇಡಂ. ಒಂದು ದಿನವೂ ಬಿಟ್ಟಿಲ್ಲ."

"ಯಾವುದರಲ್ಲಿ ನುಂಗ್ತೀರಿ?"

"ಕಾಫಿಯಲ್ಲಿ."

ಅವರು ಪೆನ್ನು ಕೆಳಗಿಟ್ಟರು. "ಕಾಫಿ ಜೊತೆ ಆ ಮಾತ್ರೆ ಮೈಗೆ ಹತ್ತಲ್ಲ. ಮಗುವಿನ ಥೈರಾಯ್ಡ್ ಇನ್ನೂ ಕೆಲಸ ಶುರು ಮಾಡಿಲ್ಲ, ಮೂರು ತಿಂಗಳ ತನಕ ನಿಮ್ಮದೇ ಅದಕ್ಕೆ ಆಧಾರ. ಡೋಸ್ ಜಾಸ್ತಿ ಬರೀತೀನಿ. ಖಾಲಿ ಹೊಟ್ಟೆಗೆ ನೀರಲ್ಲಿ ತಗೊಳ್ಳಿ. ಆಮೇಲೆ ಒಂದು ಗಂಟೆ ಏನೂ ಬೇಡ. ನಾಲ್ಕು ವಾರ ಬಿಟ್ಟು ನೋಡೋಣ."

"ಈಗಾಗಲೇ ಏನಾದರೂ ಆಗಿದ್ದರೆ?"

"ಎದೆಬಡಿತ ಇದೆಯಲ್ಲ. ಸದ್ಯಕ್ಕೆ ಅಷ್ಟು ಸಾಕು."

ನನಗೆ ಸಾಕಾಗಲಿಲ್ಲ. ಕುಶಾಲನಗರದಿಂದ ಶನಿವಾರಸಂತೆಯವರೆಗೆ ಬಸ್ಸು ಕುಲುಕಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡೆ.

ನಾನು ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದವಳು. ಕಾಫಿ ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಮೈಸೂರಿನ ಬಾಡಿಗೆ ಮನೆಯಲ್ಲಿ ಎದ್ದ ಕೂಡಲೇ ನೀರಿನಲ್ಲಿ ನುಂಗುತ್ತಿದ್ದೆ. ಗಂಡ ನಿರಂಜನ್ ಬೈಕಿನಿಂದ ಬಿದ್ದು ತೀರಿಹೋದ ಮೇಲೆ ಅತ್ತೆಯ ಮನೆಗೆ ಬಂದೆ. ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದು ಒಂದು ವಾರಕ್ಕೆ ಬಸುರಿ ಎಂದು ತಿಳಿಯಿತು.

ಅತ್ತೆ ಲಿಂಗಪೂಜೆಗೆ ಮುಂಚೆ ಹನಿ ನೀರೂ ಮುಟ್ಟುವವರಲ್ಲ. ಪಕ್ಕದಲ್ಲಿ ಪೂಜೆಗೆ ಕೂರುವ ನಾನೂ ಮುಟ್ಟುತ್ತಿರಲಿಲ್ಲ. ಪೂಜೆ ಮುಗಿದ ಕೂಡಲೇ ಎರಡು ಲೋಟ ಕಾಫಿ ತರುತ್ತಿದ್ದರು. ಮಗ ಹೋದ ಮೇಲೆ ಅವರ ಹೊಟ್ಟೆಗೆ ನೆಟ್ಟಗೆ ಬೀಳುತ್ತಿದ್ದದ್ದು ಅದೊಂದೇ, ಅದೂ ನಾನು ಕುಡಿದರೆ ಮಾತ್ರ. ಹಾಗಾಗಿ ಕುಡಿಯುತ್ತಿದ್ದೆ. ಮಾತ್ರೆಯನ್ನೂ ಅದರಲ್ಲೇ ನುಂಗಿಬಿಡುತ್ತಿದ್ದೆ. ಹೀಗೆ ಐದು ವಾರ.

ಮನೆ ಮುಟ್ಟಿದವಳೇ ಬಚ್ಚಲಿಗೆ ಹೋಗಿ ಬಟ್ಟೆ ನೋಡಿಕೊಂಡೆ. ಕಲೆ ಇರಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಹೋದೆ.

"ಏನಂದ್ರು ಡಾಕ್ಟ್ರು?" ಅತ್ತೆ ಬಾಗಿಲಾಚೆಯಿಂದ ಕೇಳಿದರು.

ಎಲ್ಲ ಸರಿ ಇದೆ ಎನ್ನಬಹುದಿತ್ತು. ಹೊರಗೆ ಬಂದು ಇದ್ದದ್ದನ್ನು ಹೇಳಿದೆ.

"ನಾನೇ ಕೊಟ್ಟೆನಲ್ಲೇ."

"ನುಂಗಿದ್ದು ನಾನು, ಅತ್ತೆ."

"ಅಷ್ಟು ಓದ್ಕಂಡಿದೀಯ. ನಂಗೊಂದು ಮಾತು ಹೇಳಕ್ಕಾಗ್ಲಿಲ್ವ?"

"ಹೇಳಿದ್ರೆ ನೀವು ಕಾಫಿನೂ ಬಿಟ್ಟುಬಿಡ್ತಿದ್ರಿ."

ಅವರು ಸೆರಗಿನ ಅಂಚು ಮಡಿಸುತ್ತಾ, ಬಿಡಿಸುತ್ತಾ ಕುಳಿತರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ.

"ನಾಳೆಯಿಂದ ಬೇಗ ಏಳಾಣ. ಲಿಂಗಕ್ಕೆ ಎರೆದ ನೀರಲ್ಲೇ ಮಾತ್ರೆ ನುಂಗು. ಪಾದೋದಕ ಅಂದ್ರೂ ಅದು ನೀರೇ ತಾನೆ. ಲಿಂಗಪ್ಪ ಬ್ಯಾಡ ಅನ್ನಲ್ಲ. ಅಂದ್ರೆ ನಂಗೆ ಹೇಳು, ನಾ ಮಾತಾಡ್ಕತೀನಿ."

ಮರುದಿನ ಐದೂವರೆಗೇ ಪೂಜೆಗೆ ಕುಳಿತೆವು. ಲಿಂಗಕ್ಕೆ ಎರೆದು ಅಂಗೈಯಲ್ಲಿ ಉಳಿದ ನೀರು ಒಂದು ಗುಟುಕಿಗೂ ಸಾಲದು. ಮಾತ್ರೆ ನಾಲಿಗೆಗೆ ಅಂಟಿ ಕರಗತೊಡಗಿತು. ಅಷ್ಟೂ ಒಳಗೆ ಹೋಯಿತೋ, ಅರ್ಧ ಬಾಯಲ್ಲೇ ಉಳಿಯಿತೋ ಎಂದು ಗಾಬರಿಯಾಯಿತು. ಅತ್ತೆ ನನ್ನ ಮುಖ ನೋಡಿ ತಂಬಿಗೆಯನ್ನೇ ಮುಂದಕ್ಕೆ ತಳ್ಳಿದರು. "ಕುಡಿ ಸರಿಯಾಗಿ. ಪೂಜೆ ಆಯ್ತಲ್ಲ."

ಕುಡಿದೆ. ಅವರು ಅಡುಗೆಮನೆಗೆ ಹೋಗಲಿಲ್ಲ.

"ನೀವು ಕಾಫಿ ಕುಡೀರಿ ಅತ್ತೆ."

"ನೀ ಕುಡಿಯಾಗಂಟ ನಂಗೆ ಇಳಿಯಲ್ಲ."

"ಒಂದು ಗಂಟೆ ಆಗ್ಬೇಕು."

"ಆಗ್ಲಿ. ನಾವೇನು ಬಸ್ ಹಿಡೀಬೇಕಾ?"

ಕೆಳಹೊಟ್ಟೆಯಲ್ಲಿ ಏನೋ ಎಳೆದಂತಾಯಿತು. ಬಚ್ಚಲಿಗೆ ಹೋಗಲು ಎದ್ದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಪೂಜೆಗೆ ಮುಂಚೆ ತಾನೆ ನೋಡ್ಕಂಡು ಬಂದೆ ನೀನು. ಕೂತ್ಕ."

ಕೂತೆ. ಅವರು ಕೈ ಬಿಡಲಿಲ್ಲ. ಗಡಿಯಾರದಲ್ಲಿ ಆರೂ ಹತ್ತಾಗಿತ್ತು. ಕಾಫಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.