ಮೇಲೆ ನಿಲ್ರಿ, ಅಕ್ಕಾ

ಕೈಯಿಲ್ಲದ ಕುರ್ಚಿ ಒಂದೂ ಇಲ್ಲ ಈ ಆಸ್ಪತ್ರೆಯಲ್ಲಿ, ಎಲ್ಲವೂ ಕೆಂಪು ಪ್ಲಾಸ್ಟಿಕ್ಕಿನವು, ಮದುವೆಗೆ ಬಾಡಿಗೆ ತರುವಂಥವು, ಅದಕ್ಕೇ ದುರ್ಗಾಂಬಿಕಾ ಗೋಡೆಗೆ ಒರಗಿ ನಿಂತಿದ್ದಾಳೆ, ಕುಂದ್ರಿ ಅಕ್ಕಾ ಯಾಕೆ ನಿಂತೀರಿ ಅನ್ನುತ್ತಾಳೆ ಬಾಗಿಲ ಬಳಿಯ ನರ್ಸ್ ಹುಡುಗಿ, ಇರ್ಲಿ ತಾಯಿ, ಬಸ್ಸಿನಾಗೆ ಕುಂತು ಕುಂತು ಸಾಕಾಗೈತೆ, ಸುಳ್ಳು, ಹೊನ್ನಾಳಿಯಿಂದ ನ್ಯಾಮತಿಗೆ ಅದೆಷ್ಟು ದೂರ, ಬಸ್ಸಿನಲ್ಲೂ ನಿಂತೇ ಬಂದಿದ್ದಾಳೆ, ಇಬ್ಬರ ಸೀಟಿನಲ್ಲಿ ಕೂತರೆ ಪಕ್ಕದವರು ಕಿಟಕಿಗೆ ಅಂಟಿಕೊಂಡು ಬಿಡುವ ಉಸಿರು ಅವಳಿಗೆ ಚೆನ್ನಾಗಿ ಗೊತ್ತು. ಮೈದುನನ ಮದುವೆಯಲ್ಲಿ ಇಂಥದೇ ಕುರ್ಚಿ ಅವಳು ಎದ್ದಾಗ ಅವಳ ಜೊತೆಗೇ ಎದ್ದು ಬಂದಿತ್ತು, ಎರಡೂ ಕಡೆಯ ನೆಂಟರ ಎದುರಿಗೆ, ಗಂಡ ಭೀಮೇಶನೇ ಬಂದು ಹಿಂದಿನಿಂದ ಹಿಡಿದು ಬಿಡಿಸಿದ, ಒಳ್ಳೆಯವನು, ಅದೇ ಕಷ್ಟ, ನಕ್ಕಿದ್ದರೆ ಸಿಟ್ಟಾದರೂ ಬರುತ್ತಿತ್ತು — ಗೋಡೆ ತಣ್ಣಗಿದೆ, ಬಾಗಿಲ ಪಕ್ಕದಲ್ಲಿ ಅದು ಕೂತಿದೆ, ಗಾಜಿನ ಮುಖದ್ದು, ಮೇಲೆ ನಿಂತರೆ ಕೆಂಪು ಅಂಕಿ ಉರಿಯುವ ತೂಕದ ಯಂತ್ರ, ಒಳಗೆ ಹೋಗುವವರೆಲ್ಲ ಹೊಸಿಲು ದಾಟಿದ ಹಾಗೆ ಅದನ್ನು ತುಳಿದೇ ಹೋಗಬೇಕು, ಮೇಲೆ ನಿಲ್ರಿ ಅಕ್ಕಾ, ಮೇಲೆ ನಿಲ್ರಿ ಅಜ್ಜಾ, ಐವತ್ತೆರಡು, ಅರವತ್ತು, ಹುಡುಗಿ ಸಂತೆಯಲ್ಲಿ ಕೂಗಿದಂತೆ ಕೂಗುತ್ತಾಳೆ, ಪಾಪ, ಅವಳಿಗೇನು ಗೊತ್ತು. ಹೊನ್ನಾಳಿಯಲ್ಲೂ ಹೀಗೇ ಆಗಿತ್ತು, ಆವತ್ತು ಅವಳು ಹೋಗಿದ್ದು ಕಿವಿನೋವಿಗೆ, ಕಿವಿಗೆ, ಡಾಕ್ಟರು ಚೀಟಿಯ ಮೇಲಿನ ಅಂಕಿ ನೋಡಿ ತಲೆ ಎತ್ತಿ, ಏನಮ್ಮಾ, ಮನೆಯಾಗೆ ಬ್ಯಾರೆಯೋರಿಗೂ ಏನಾರ ಉಳಿಸ್ತೀಯೋ ಇಲ್ಲೋ ಅಂದಿದ್ದರು, ಕಾಂಪೌಂಡರ್ ಮುಖ ತಿರುಗಿಸಿ ನಕ್ಕಿದ್ದ, ಕಿವಿಯೊಳಗೆ ಯಾರೂ ಬಗ್ಗಿ ನೋಡಲಿಲ್ಲ, ಅವಳು ಮನೆಗೆ ಬಂದು ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಮಲಗಿದಳು, ಕಿವಿ ತಾನಾಗಿ ವಾಸಿಯಾಯಿತು. ಆದರೆ ಇದು ಕಿವಿಯಲ್ಲ. ಇದು ತಾನಾಗಿ ವಾಸಿಯಾಗುತ್ತಿಲ್ಲ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಎಡಗಡೆ, ಕಂಕುಳ ಹತ್ತಿರ, ಎದೆಯ ಪಕ್ಕದಲ್ಲಿ ಕೈಗೆ ಸಿಕ್ಕಿತು, ಕಡಲೆಕಾಳಿನಷ್ಟು, ನೋವಿಲ್ಲ, ಬಿಸಿಯಿಲ್ಲ, ಈಗ ಯುಗಾದಿ ಮುಗಿದಿದೆ, ಹುಣಸೆಬೀಜಕ್ಕಿಂತ ದೊಡ್ಡದಾಗಿದೆ, ಕೊಬ್ಬು ಇರಬೇಕು, ದಪ್ಪ ಇರುವವರಿಗೆ ಕೊಬ್ಬಿನ ಗಂಟು ಬರುತ್ತವಂತೆ, ತೋರಿಸಿದರೆ ಅದನ್ನೇ ಹೇಳುತ್ತಾರೆ, ಹೇಳಿ ನಗುತ್ತಾರೆ — ಹಾಗೆಂದುಕೊಂಡೇ ಒಂದು ಚಳಿಗಾಲ ಹೋಯಿತು.

ತಾನೂ ತೂಗುವವಳೇ. ಅಂಗನವಾಡಿಯ ತೊಲೆಗೆ ತಕ್ಕಡಿ ನೇತುಹಾಕಿ, ಬಟ್ಟೆಯ ಜೋಲಿಯಲ್ಲಿ ಕೂಸುಗಳನ್ನು ಕೂರಿಸಿ, ಮುಳ್ಳು ಒಂದು ಗೆರೆ ಮೇಲೇರಿದರೆ ತಾಯಂದಿರ ಮುಖ ಅರಳುವುದನ್ನು ತಿಂಗಳು ತಿಂಗಳೂ ನೋಡುವವಳು, ಏರೈತೆ ಕಣ್ರವ್ವಾ, ಚೆನ್ನಾಗಿ ಏರೈತೆ ಅಂತ ಕೂಗುವವಳು, ಆ ಲೋಕದಲ್ಲಿ ಭಾರವೆಂದರೆ ಭಾಗ್ಯ, ಅದು ಎಂದು, ಯಾವ ವಯಸ್ಸಿನಲ್ಲಿ ತಿರುಗಿ ಬೀಳುತ್ತದೆ? ಜಗಳೂರಿನ ಕಡೆಯ ತನ್ನೂರಿನಲ್ಲಿ ಅವಳೂ ಹಂಚಿಕಡ್ಡಿಯಂಥ ಕೂಸಾಗಿದ್ದಳಂತೆ, ಅವ್ವ ಕಾಟಮ್ಮ ಹುರಿದ ಶೇಂಗಾವನ್ನು ಬೆಲ್ಲದ ಜೊತೆ ಕುಟ್ಟಿ ಉಂಡೆ ಕಟ್ಟಿ, ತಿನ್ನೇ, ತಿನ್ನು, ಮೈಮ್ಯಾಲೆ ಒಂದೀಟು ಮಾಂಸ ಬರ್ಲಿ ಅಂತ ಹಿಂದೆ ಹಿಂದೆ ಓಡಾಡುತ್ತಿದ್ದಳು, ಅಪ್ಪ ಬೈಲಪ್ಪ ಕುರಿ ಮೇಯಿಸಿ ಸಂಜೆ ಬಂದವನೇ ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡು, ಇದೇನಲೇ ಇದು, ಹಕ್ಕಿಪುಕ್ಕ, ಗಾಳಿ ಬಂದ್ರೆ ಹಾರಿ ಹೋಗ್ತತೆ ಅನ್ನುತ್ತಿದ್ದ, ಕುರಿಯ ಉಣ್ಣೆಯ ವಾಸನೆ, ಬೀಡಿಯ ವಾಸನೆ, ಅಷ್ಟೆತ್ತರದಿಂದ ಕಾಣುವ ಕುರಿಗಳ ಬೆನ್ನು, ಬೆನ್ನು, ಬೆನ್ನು, ಅದರಾಚೆ ಕೆಂಪು ಬಯಲು — ದೊಡ್ಡವಳಾದಳು ಎಂದು ಸೋಬಾನೆ ಹಾಡಿದ ದಿನದಿಂದ ಅಪ್ಪ ಅವಳನ್ನು ಮುಟ್ಟಲಿಲ್ಲ, ಅದು ಪದ್ಧತಿ, ತಪ್ಪೇನಿಲ್ಲ. ಆಮೇಲೆ ಮುಟ್ಟಿದ್ದು ಬಾಣಂತನದಲ್ಲಿ ಎಣ್ಣೆ ತಿಕ್ಕಿದ ಅಜ್ಜಮ್ಮನ ಗಡುಸು ಕೈ, ಆಮೇಲೆ ಮಗಳು ವಿಜಯಶ್ರೀಯ ಪುಟ್ಟ ಕೈ, ಮಗಳೀಗ ದಾವಣಗೆರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ಫೋನಿನಲ್ಲಿ ಮುದ್ದು ಮಾಡುತ್ತಾಳೆ, ಅಂಗನವಾಡಿಯ ಮಕ್ಕಳಂತೂ ಟೀಚರಮ್ಮನ ತೊಡೆ ತನಗೆ ತನಗೆ ಎಂದು ಜಗಳಾಡುತ್ತವೆ, ಅವಕ್ಕೆ ಅಗಲವಾದ ತೊಡೆಯೇ ಬೇಕು. ಮತ್ತೆ ಭೀಮೇಶನ ಕೈ. ಅವನು ಈಗಲೂ ನಿದ್ದೆಯಲ್ಲಿ ಕೈ ಚಾಚುತ್ತಾನೆ, ದೀಪಾವಳಿಯಿಂದ ಈಚೆಗೆ ಅವಳೇ ಅದನ್ನು ಮೆಲ್ಲಗೆ ಸರಿಸುತ್ತಾಳೆ, ಸೆಕೆ ಅನ್ನುತ್ತಾಳೆ, ಸೊಂಟ ಹಿಡಿದಿದೆ ಅನ್ನುತ್ತಾಳೆ, ಆ ಕೈ ಎಡಗಡೆಗೆ ಬಂದರೆ ಅದು ಸಿಕ್ಕಿಬಿಡುತ್ತದಲ್ಲ, ಸಿಕ್ಕರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಆ ಅಂಕಿ, ಸರಿಸಿದ ಕೈ ಸುಮ್ಮನೆ ಹಿಂದಕ್ಕೆ ಹೋಗುತ್ತದೆ, ಹಿಂದಕ್ಕೆ ಹೋಗುವ ಆ ಕೈಯನ್ನು ಕತ್ತಲಲ್ಲಿ ಕೂಗಿ ಕರೆಯಬೇಕೆನಿಸುತ್ತದೆ, ಬಾ ಇಲ್ಲಿ, ಇಲ್ಲಿ ಏನೋ ಐತೆ ನೋಡು ಬಾ, ಕರೆಯುವುದಿಲ್ಲ. ಇವತ್ತು ಬೆಳಿಗ್ಗೆ ಅವನಿಗೆ ಮೀಟಿಂಗ್ ಐತೆ ಎಂದು ಹೇಳಿ ಬಂದಿದ್ದಾಳೆ, ಹೊನ್ನಾಳಿಯಲ್ಲಾದರೆ ಬೀದಿಗೊಬ್ಬರು ಗುರುತಿನವರು, ನ್ಯಾಮತಿಯಲ್ಲಿ ಯಾರೂ ಇಲ್ಲ, ಇಲ್ಲಿಗೆ ಒಬ್ಬರು ವಯಸ್ಸಾದ ಲೇಡಿ ಡಾಕ್ಟರು ಬರುತ್ತಾರಂತೆ —

ಅಕ್ಕಾ, ನಿಮ್ದೇ ಈಗ, ಮೇಲೆ ನಿಲ್ರಿ. ಕುರ್ಚಿಗಳಲ್ಲಿರುವವರೆಲ್ಲ ತಲೆ ಎತ್ತಿದ್ದಾರೆ, ಅಥವಾ ಹಾಗನಿಸುತ್ತದೆ, ಚಪ್ಪಲಿ ಬಿಡಬೇಕು, ಗಾಜು ಒಡೆದರೆ, ಹುಡುಗಿ ಅಂಕಿ ಕೂಗಿದರೆ, ಆಮೇಲೆ ನಿಲ್ತೀನಿ ತಾಯಿ, ಆಮೇಲೆ ಅಂದ್ರೆ ಮೇಡಂ ಬೈತಾರೆ ಅಕ್ಕಾ, ನಿಲ್ರಿ, ಒಂದ್ನಿಮಿಷ ಬಂದೆ ಎಂದು ಅವಳು ಹೊರಗೆ ಬಂದುಬಿಟ್ಟಳು, ಬಿಸಿಲು ಮುಖಕ್ಕೆ ಹೊಡೆಯಿತು, ಕಾಲು ತಾವಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದವು, ತೊಡೆ ತೊಡೆ ಉಜ್ಜುವ ಉರಿ, ಹೊನ್ನಾಳಿ ಹೊನ್ನಾಳಿ ಎಂದು ಕಂಡಕ್ಟರ್ ಕೂಗುತ್ತಿದ್ದಾನೆ, ಹತ್ರಿ ಅಮ್ಮಾ ಬೇಗ, ಒಂದು ಕಾಲು ಮೆಟ್ಟಿಲ ಮೇಲೆ, ಕೈ ಕಂಬಿಯ ಮೇಲೆ, ಕಂಬಿ ಸುಡುತ್ತಿದೆ, ಮನೆಗೆ ಹೋಗಿ ಅನ್ನಕ್ಕಿಡಬಹುದು, ಮೀಟಿಂಗ್ ಬೇಗ ಮುಗೀತು ಅನ್ನಬಹುದು, ಆಗ ಎಲ್ಲಿಂದಲೋ ಪವಿತ್ರಳ ಮುಖ ಬಂತು. ಅಂಗನವಾಡಿಯ ಬೀದಿಯ ಪವಿತ್ರ, ಸಣಕಲು ಮಗುವಿನ ತಾಯಿ, ತಿಂಗಳುಗಟ್ಟಲೆ ಮಗುವನ್ನು ತೂಗಿಸಲು ತರಲೇ ಇಲ್ಲ, ಮನೆಗೆ ಹೋದರೆ ಬಾಗಿಲು ಅರ್ಧ ಮುಚ್ಚಿಕೊಂಡು, ಮಲಗೈತ್ರೀ ಅಂದಳು, ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು, ಎಲ್ಲರ ಎದುರಿಗೆ ನಿನ್ ಕೂಸು ತೂಕದ ಕಾರ್ಡಿನ ಕೆಂಪು ಗೆರೆಯಾಗೈತೆ ಅಂತ ಕೂಗ್ತೀರಿ ಟೀಚರಮ್ಮಾ, ನಾನೇನು ಅದನ್ನ ಉಪಾಸ ಕೆಡವೀನಾ, ಅದಕ್ಕೆ ದುರ್ಗಾಂಬಿಕಾ ಏನೂ ಯೋಚಿಸದೆ, ಬೈಯಾಕೆ ಬಂದಿಲ್ಲವ್ವಾ, ಕೂಸನ್ನ ನೋಡಾಕೆ ಬಂದೀನಿ, ಕೊಡು ಇತ್ತ ಅಂದಿದ್ದಳು, ಪವಿತ್ರ ಕೊಟ್ಟಳು, ಮಗು ತೊಡೆಗೆ ಬಂದದ್ದೇ ನಿದ್ದೆ ಹೋಯಿತು, ಪವಿತ್ರ ಬಾಗಿಲು ಪೂರ್ತಿ ತೆರೆದಳು. ಅದು ಏನು ದೊಡ್ಡ ಮಾತು, ಬೈಯಾಕೆ ಬಂದಿಲ್ಲ, ನೋಡಾಕೆ ಬಂದೀನಿ, ತನಗೂ ಯಾರಾದರೂ ಅಷ್ಟು ಹೇಳಬಾರದೇ, ಯಾರೂ ಹೇಳುವುದಿಲ್ಲ, ಹಾಗಾದರೆ ತಾನೇ ಕೇಳಬೇಕು — ಹತ್ತೋದಾದ್ರೆ ಹತ್ರಿ, ಇಲ್ಲ ಇಳೀರಿ, ಇಳಿದಳು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

ನರ್ಸ್ ಹುಡುಗಿ ವಾಪಸ್ಸು ಬಂದ ಅವಳನ್ನು ನೋಡಿ ಮತ್ತೆ ಯಂತ್ರದ ಕಡೆ ಕೈ ತೋರಿಸಿದಳು. ದುರ್ಗಾಂಬಿಕಾ ಚಪ್ಪಲಿ ಬಿಡಲಿಲ್ಲ, ತೂಕ ನೋಡ್ಸಾಕೆ ಬಂದಿಲ್ಲ ತಾಯಿ, ಎದಿಯಾಗೊಂದು ಗಂಟೈತೆ, ಅದನ್ನ ತೋರ್ಸಾಕೆ ಬಂದೀನಿ, ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು ಮಾತು, ಹುಡುಗಿಯ ಕೈ ಕೆಳಗಿಳಿಯಿತು, ಒಳಗಿನಿಂದ ಮುದಿ ದನಿ, ಕಳ್ಸು ಆಕೀನ. ಡಾಕ್ಟರಮ್ಮನ ಕೂದಲು ಪೂರ್ತಿ ಬಿಳಿ, ಕನ್ನಡಕ ಹಣೆಯ ಮೇಲೆ, ಎಲ್ಲಿ, ತೋರ್ಸು ಬಾ ಎಂದು ಪರದೆ ಎಳೆದರು, ಮಂಚ ಕಿರಿದು, ಮುರಿಯುತ್ತದೇನೋ, ಮುರಿಯಲ್ಲ ಮಲಗವ್ವಾ, ನನ್ನ ಗಂಡ ನಿನಗಿಂತ ದಪ್ಪ ಇದ್ದರು, ದಿನಾ ಮಧ್ಯಾಹ್ನ ಇದರ ಮ್ಯಾಲೇ ಮಲಗ್ತಿದ್ರು, ಅವಳಿಗೆ ನಗು ಬರುವುದರಲ್ಲಿತ್ತು, ರವಿಕೆಯ ಹುಕ್ಕು ಬಿಚ್ಚಿದಳು, ಸೂರಿನಲ್ಲಿ ಒಂದು ಒದ್ದೆ ಕಲೆ, ಡಾಕ್ಟರಮ್ಮ ಅಂಗೈಗಳನ್ನು ತಿಕ್ಕಿ ಬಿಸಿ ಮಾಡಿಕೊಂಡರು, ಯಾರು ಹಾಗೆ ಮಾಡುತ್ತಾರೆ, ಯಾರೂ ಮಾಡಿರಲಿಲ್ಲ, ಆಮೇಲೆ ಬೆರಳುಗಳು ಬಂದವು, ಮೆಲ್ಲಗೆ, ಸುತ್ತ ಸುತ್ತ, ರೊಟ್ಟಿ ತಟ್ಟುವಾಗ ಅಂಚು ಹುಡುಕುವ ಹಾಗೆ, ಕಂಕುಳ ಕಡೆಗೆ, ಇನ್ನಷ್ಟು ಆಚೆಗೆ, ಇಷ್ಟು ಮಾಂಸದಲ್ಲಿ ಅದು ಸಿಗದೇ ಹೋಗಲಿ, ಇಲ್ಲ, ಸಿಗಲಿ, ಸಿಕ್ಕಿಬಿಡಲಿ — ಬೆರಳು ನಿಂತವು. ಯಾವಾಗಿಂದ ಐತೆ? ದೀಪಾವಳಿಯಿಂದ. ಯಾಕವ್ವಾ ಇಷ್ಟು ತಡ ಮಾಡ್ದೆ? ಬೈತೀರಿ ಅಂತ. ನಾನ್ಯಾಕೆ ಬೈಲಿ? ಹಿಂಗಿದೀನಲ್ಲಾ, ಅದಕ್ಕೆ. ಡಾಕ್ಟರಮ್ಮ ಕೈ ತೆಗೆಯಲಿಲ್ಲ. ಇದು ತೂಕದಿಂದ ಬಂದಿದ್ದಾ ಡಾಕ್ಟ್ರೇ ಎಂದು ಅವಳೇ ಕೇಳಿದಳು, ಈಗ ಆ ಮಾತು ಬ್ಯಾಡ, ಇದು ಏನು ಅಂತ ನೋಡ್ದೆ ನಾನು ಸುಳ್ಳು ಹೇಳಲ್ಲ, ಒಳ್ಳೇದೂ ಇರಬಹುದು ಕೆಟ್ಟದ್ದೂ ಇರಬಹುದು, ನಾಳೆನೇ ದಾವಣಗೆರೆಗೆ ಹೋಗು, ಸ್ಕ್ಯಾನ್ ಮಾಡಿ ಸೂಜಿ ಹಾಕಿ ಪರೀಕ್ಷೆ ಮಾಡ್ತಾರೆ, ಒಬ್ಬಳೇ ಹೋಗಬ್ಯಾಡ, ಮನೆಯಾಗೆ ಯಾರವರೆ? ನಮ್ ಯಜಮಾನ್ರು ಅವರೆ. ಅವರಿಗೆ ಗೊತ್ತೈತಾ? ಇಲ್ಲ.

ಹೊರಗೆ ಕೆಂಪು ಕುರ್ಚಿಯೊಂದನ್ನು ನರ್ಸ್ ಹುಡುಗಿ ಒಳಗೆ ಒಯ್ದು ಒಂದು ಸ್ಟೂಲು ತಂದಿಟ್ಟಳು, ದುರ್ಗಾಂಬಿಕಾ ಕೂತಳು, ಫೋನು ಕಿವಿಗೆ, ಭೀಮೇಶನ ದನಿಯ ಹಿಂದೆ ಟ್ರ್ಯಾಕ್ಟರಿನ ಸದ್ದು, ಮೀಟಿಂಗ್ ಮುಗೀತಾ? ಮೀಟಿಂಗ್ ಇರ್ಲಿಲ್ಲ, ನಾನು ನ್ಯಾಮತಿ ಆಸ್ಪತ್ರೆಯಾಗೆ ಅದೀನಿ, ಒಂದು ಗಂಟಾಗೈತೆ, ನಿಮಗೆ ಹೇಳಿರ್ಲಿಲ್ಲ, ಟ್ರ್ಯಾಕ್ಟರ್ ನಿಂತಿತು, ಅದಕ್ಕಾ ನೀನು ದೂರ ದೂರ ಮಲಗ್ತಿದ್ದಿದ್ದು? ಹೂಂ. ನಾನು ಬ್ಯಾರೆ ಏನೋ ಅಂದ್ಕಂಡಿದ್ದೆ ಕಣೇ, ಅಲ್ಲೇ ಕುಂತಿರು, ಬಂದೆ. ಅವನು ಬರುತ್ತಾನೆ, ನಾಳೆ ದಾವಣಗೆರೆ, ಮಗಳಿಗೂ ಹೇಳಬೇಕು, ಅಲ್ಲೂ ಒಂದು ಯಂತ್ರ ಇರುತ್ತದೆ, ಇರಲಿ, ಸೂಜಿ, ಎಷ್ಟುದ್ದದ ಸೂಜಿ, ಕೆಟ್ಟದ್ದಾಗಿದ್ದರೆ, ಕೆಟ್ಟದ್ದಾಗಿದ್ದರೆ ಅಂಗನವಾಡಿಯ ಮಕ್ಕಳು, ಆದರೆ ಯೋಚನೆ ಅದರಾಚೆ ಹೋಗುತ್ತಿಲ್ಲ, ಹೋಗಿ ಹೋಗಿ ಹಿಂದಕ್ಕೇ ಬರುತ್ತದೆ, ಬಿಸಿ ಮಾಡಿಕೊಂಡ ಅಂಗೈ, ಸುತ್ತ ಸುತ್ತ ಬಂದು ನಿಂತ ಬೆರಳು, ಹುಡುಕಿತು, ಸಿಕ್ಕಿತು, ಸಿಕ್ಕ ಮೇಲೂ ಹಿಂದಕ್ಕೆ ಸರಿಯಲಿಲ್ಲ, ಹಿಂಗಿದೀನಲ್ಲಾ ಅಂದ ಮೇಲೂ ಸರಿಯಲಿಲ್ಲ, ಅಲ್ಲೇ ಇತ್ತು, ಆ ಕೈ, ಅವಳ ಮೈ ಮೇಲೆ, ಅಲ್ಲೇ