ಬರೀ ಗ್ಯಾಸ್ಟ್ರಿಕ್

ರಾಗಿಗುಡ್ಡದ ಆಂಜನೇಯನ ಗುಡಿಯ ಮೆಟ್ಟಿಲ ಮೇಲೆ ಮಾರಯ್ಯ ಹಿಂದಿನ ಭಾನುವಾರಗಳ ಹಾಗೆಯೇ ಮತ್ತೆ ನಿಂತ. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಮೇಲೆ. ಹೆಂಡತಿ ಸುಧಾಮಣಿ ಎರಡು ಮೆಟ್ಟಿಲು ಕೆಳಗಿದ್ದಳು. ಮಗಳು ತೇಜಸ್ವಿನಿ ಆಗಲೇ ಮೇಲೆ ಹೋಗಿ ಫೋಟೋ ತೆಗೆಯುತ್ತಿದ್ದಳು.

"ಏನಾಯ್ತುರೀ?"

"ಏನಿಲ್ಲ ಬಿಡೇ, ಬರೀ ಗ್ಯಾಸ್ಟ್ರಿಕ್." ತೇಗಲು ನೋಡಿದ, ತೇಗು ಬರಲಿಲ್ಲ. "ಬೆಳಿಗ್ಗೆ ಆ ವಡೆ ತಿನ್ಬಾರ್ದಿತ್ತು."

ವಡೆ ತಿಂದಿದ್ದು ಸುಧಾಮಣಿ. ಅವನು ತಿಂದಿದ್ದು ಎರಡು ಇಡ್ಲಿ.

ಈ ಬೆಂಗಳೂರಲ್ಲಿ ಎದೆ ಹಿಡಿದುಕೊಂಡವರಿಗೆಲ್ಲ ಗ್ಯಾಸ್ಟ್ರಿಕ್ಕೇ. ಬೆನ್ನು ಹಿಡಿದರೂ ಅದೇ, ತಲೆ ಸುತ್ತಿದರೂ ಅದೇ. ಒಂದು ಜೀರಿಗೆ ಸೋಡಾ ಕುಡಿದರೆ ಮುಗಿಯಿತು, ಡಾಕ್ಟರ ಹತ್ತಿರ ಯಾರು ಹೋಗ್ತಾರೆ! ಸುಧಾಮಣಿಯ ಅಣ್ಣನೂ ಹಾಗೆಯೇ ಸೋಡಾ ಕುಡಿದು ಮಲಗಿದ್ದ. ಬೆಳಿಗ್ಗೆ ಏಳಲಿಲ್ಲ.

"ತೇಜೂಗೆ ಹೇಳ್ಬೇಡ. ಟ್ರಿಪ್ಪೇ ಕ್ಯಾನ್ಸಲ್ ಮಾಡ್ಬಿಡ್ತಾಳೆ," ಎಂದ ಮಾರಯ್ಯ. ಆಮೇಲೆ ಅವಳ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡ. "ನನ್ನಾಣೆ, ಯಾರಿಗೂ ಹೇಳ್ಬೇಡ."

ಆಣೆಗೀಣೆ ಎಲ್ಲ ಮೂಢನಂಬಿಕೆ ಎಂದು ಬೀದಿಗೆಲ್ಲ ಭಾಷಣ ಬಿಗಿಯುವ ಮನುಷ್ಯ. ಆದರೆ ಹೆಂಡತಿ ನಂಬುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತು. ಆಣೆ ಮುರಿದರೆ ಕೇಡಾಗುವುದು ಯಾರಿಗೆ? ಅವನಿಗೇ. ಸುಧಾಮಣಿಗೆ ಅಲ್ಲೇ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಶ್ರೀಲಂಕಾದ ಶ್ರೀಪಾದ ಬೆಟ್ಟ ಹತ್ತಬೇಕೆನ್ನುವುದು ಅವನ ಹಳೆಯ ಆಸೆ. ಬೌದ್ಧ ದೀಕ್ಷೆ ತಗೊಂಡ ವಯಸ್ಸಿನಲ್ಲಿ, ಬುದ್ಧನ ಹೆಜ್ಜೆ ಗುರುತಿದೆ ಎನ್ನುವ ಆ ಬೆಟ್ಟದ ಪಟ ಎಲ್ಲೋ ನೋಡಿದ್ದ. ಆಮೇಲೆ ಮದುವೆ, ಮನೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಈಗ ರಿಟೈರಾಗಿ, ಮಗಳೇ ಕರೆದುಕೊಂಡು ಹೋಗುತ್ತೇನೆಂದ ಮೇಲೆ ಹುಚ್ಚೇ ಹಿಡಿದಿತ್ತು. ಆಂಜನೇಯನಿಗೆ ಕೈ ಮುಗಿಯದಿದ್ದರೂ ಭಾನುವಾರ ಆಂಜನೇಯನ ಮೆಟ್ಟಿಲ ಮೇಲೇ ಪ್ರಾಕ್ಟೀಸು.

ಮಧ್ಯಾಹ್ನ ತಿಲಕ್ ನಗರದ ಮನೆಯಲ್ಲಿ ತೇಜಸ್ವಿನಿ ಲ್ಯಾಪ್‌ಟಾಪ್ ತೆರೆದು ಕೂತಳು.

"ಹ್ಯಾಟನ್ ತನಕ ಟ್ರೇನು, ಅಲ್ಲಿಂದ ವ್ಯಾನು. ರಾತ್ರಿ ಹತ್ತೋಕೆ ಶುರು ಮಾಡಿದ್ರೆ ಸೂರ್ಯ ಹುಟ್ಟೋ ಹೊತ್ತಿಗೆ ತುದೀಲಿರ್ತೀವಿ. ಸಖತ್ತಾಗಿರುತ್ತಂತೆ."

"ಮಧ್ಯೆ ಡಾಕ್ಟ್ರು ಯಾರಾದ್ರೂ ಇರ್ತಾರಾ?" ಎಂದಳು ಸುಧಾಮಣಿ.

"ಅಮ್ಮಾ, ಬೆಟ್ಟ ಅದು. ಜಯನಗರ ಫೋರ್ತ್ ಬ್ಲಾಕ್ ಅಲ್ಲ."

ಮಾರಯ್ಯ ನಕ್ಕ. "ಸಾಯೋದ್ರೊಳಗೆ ಒಂದ್ಸಲ ಆ ಪಾದಕ್ಕೆ ಹಣೆ ಇಟ್ರೆ ಸಾಕಪ್ಪ."

"ಬುಡ್ತು ಅನ್ನೋ!" ಮೂಲೆಯ ಮಂಚದಿಂದ ಅವನ ತಾಯಿ ಪಾರ್ವತಮ್ಮ ಗದರಿದಳು. "ಹೊರಡೋ ಹೊತ್ನಲ್ಲಿ ಎಂಥಾ ಮಾತು!"

"ಬಿಡ್ತು, ಬಿಡ್ತು," ಎಂದ ಮಗ, ಹುಡುಗಾಟಕ್ಕೆ.

ಸುಧಾಮಣಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೇಳುವಂತಿಲ್ಲ, ಬಿಡುವಂತಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು.

"ನನ್ ಕೈಲಿ ಆಗಲ್ಲ ಕಣೇ ತೇಜು. ಮಂಡಿ ಹಿಡ್ಕೊಂಡ್ಬಿಟ್ಟಿದೆ. ಈ ವರ್ಷ ಬೇಡ ಬಿಡಿ."

ಮದುವೆಯಾದಾಗಿನಿಂದ ಅವಳನ್ನು ಬಿಟ್ಟು ಅವನು ಎಲ್ಲಿಗೂ ಹೋದವನಲ್ಲ. ಮಗಳ ಮುಖ ಸಪ್ಪಗಾಯಿತು. ಮಾರಯ್ಯ ಹೆಂಡತಿಯನ್ನೇ ನೋಡಿದ. ಅವಳ ಸುಳ್ಳು ಅವನಿಗೆ ತಿಳಿಯದ್ದೇನಲ್ಲ.

"ಪಾಪ, ಮಂಡಿ ನೋವಿಟ್ಕೊಂಡು ನೀನ್ಯಾಕೆ ಒದ್ದಾಡ್ತೀಯ," ಎಂದ ಮೆಲ್ಲಗೆ. "ಅವ್ವನ್ನ ನೋಡ್ಕೊಂಡು ಇಲ್ಲೇ ಇರು. ನಾನೂ ತೇಜೂ ಹೋಗ್ಬರ್ತೀವಿ."

ಸುಧಾಮಣಿಯ ಉಪಾಯ ಅವಳಿಗೇ ತಿರುಗಿತ್ತು. ಆ ಕತ್ತಲ ಬೆಟ್ಟದಲ್ಲಿ ಅವನು ಎದೆ ಹಿಡಿದು ನಿಂತರೆ, ಯಾಕೆ ನಿಂತನೆಂದು ತಿಳಿದವಳು ಒಬ್ಬಳಿದ್ದಳು. ಈಗ ಅವಳೂ ಅಲ್ಲಿರುವುದಿಲ್ಲ. ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಗೆದ್ದ ಖುಷಿಯಲ್ಲಿ ಮಾರಯ್ಯ ಹೊಸ ಬ್ಯಾಗಿಗೆ ನೀರಿನ ಬಾಟಲಿ, ಅಕ್ಕಿ ಚೀಲ ತುಂಬಿಕೊಂಡ. "ತೂಕ ಹೊತ್ತು ಅಭ್ಯಾಸ ಆಗ್ಲಿ, ಟೆರೇಸ್ ತನಕ ಹೋಗ್ಬರ್ತೀನಿ."

"ಬಿಸಿಲು ಕಣ್ರೀ, ಬೇಡ."

"ಈ ಬಿಸಿಲಿಗೆ ಹೆದರಿದ್ರೆ ಲಂಕೆ ಹತ್ತಿದಂಗೇ!"

ಮೆಟ್ಟಿಲ ಮೇಲೆ ಅವನ ಹೊಸ ಶೂಗಳ ಸದ್ದು. ಮೊದಲ ಮಹಡಿ ದಾಟಿತು. ಬಾಡಿಗೆಯವರ ಬಾಗಿಲು ದಾಟಿತು. ಆಮೇಲೆ ನಿಂತಿತು. ಸುಧಾಮಣಿ ಇನ್ನೊಂದು ಹೆಜ್ಜೆಗೆ ಕಾದಳು.

"ಅಮ್ಮಾ, ಹಂಗಾದ್ರೆ ಎರಡೇ ಟಿಕೆಟ್ ಬುಕ್ ಮಾಡ್ಲಾ?"

ಮಂಡಿ ನೋವಿನ ಹೆಂಗಸು ಎರಡೆರಡು ಮೆಟ್ಟಿಲು ಹಾರಿ ಓಡಿದಳು. ತಿರುವಿನಲ್ಲಿ ಮಾರಯ್ಯ ಗೋಡೆಗೊರಗಿ ಕುಸಿದು ಕೂತಿದ್ದ. ಅಂಗಿ ಬೆವರಿಗೆ ಒದ್ದೆ, ತುಟಿ ಬಿಳಚಿಕೊಂಡಿತ್ತು. ಅವಳನ್ನು ಕಂಡು ಬೆರಳನ್ನು ತುಟಿಯವರೆಗೆ ಎತ್ತಿದ.

"ತೇಜೂ!" ಸುಧಾಮಣಿ ಕಿರುಚಿದಳು. "ಆಂಬುಲೆನ್ಸ್‌ಗೆ ಫೋನ್ ಮಾಡೇ! ನಿಮ್ಮಪ್ಪಂಗೆ ಎದೆ ನೋವು ಕಣೇ, ಎಷ್ಟೋ ದಿನದಿಂದ ಇದೆ!"

ಕೆಳಗೆ ಕುರ್ಚಿ ಬಿದ್ದ ಸದ್ದಾಯಿತು. ಸುಧಾಮಣಿ ಅವನ ಹೆಗಲಿನಿಂದ ಬ್ಯಾಗಿನ ಪಟ್ಟಿ ಬಿಡಿಸತೊಡಗಿದಳು. ಈಗ ಬೈಯುತ್ತಾನೆ, ಏನಿಲ್ಲ ಎನ್ನುತ್ತಾನೆ ಎಂದು ಕಾದಳು. ಮಾರಯ್ಯ ಸ್ಕೂಲಿನಿಂದ ಬಂದ ಮಗುವಿನ ಹಾಗೆ, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ಎತ್ತಿ ಕೊಟ್ಟ.